ಹೆಗಲು ಬದಲಿಸಿದ ಮೆಟ್ಟಿಲು

ಜಪಾನಿನ ಪಶ್ಚಿಮ ತೀರದ ನಮ್ಮ ಮಿನಾತೋರಿ ಬಂದರಿನಿಂದ ಗುಡ್ಡದ ಗುಡಿಗೆ ನೂರಹನ್ನೆರಡು ಮೆಟ್ಟಿಲುಗಳಿವೆ. ನಡುವಿನ ಒಂದಕ್ಕೆ ಮಾತ್ರ ಹೆಸರುಂಟು: ಹೆಗಲು ಬದಲಿಸಿದ ಮೆಟ್ಟಿಲು. ಏದುಸಿರು ಬಿಡುತ್ತಾ ಜನ ಅಲ್ಲಿ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುವುದರಿಂದ ಆ ಹೆಸರೆಂದು ಹೊರಗಿನವರು ಊಹಿಸುತ್ತಾರೆ. ಪಾಪ, ಅವರಿಗೇನು ಗೊತ್ತು! ಗುಡಿಯ ಅಂಗಳ ಗುಡಿಸುತ್ತಲೇ ಮುದುಕನಾದ ನನ್ನನ್ನು ಕೇಳಬೇಕು.

ಹಿಂದೊಂದು ಕಾಲದಲ್ಲಿ ಚೀನಾದ ಹಡಗುಗಳು ಇಲ್ಲಿಗೆ ರೇಷ್ಮೆ, ಸಕ್ಕರೆ ತಂದು ನಮ್ಮ ವರ್ತಕರಿಂದ ತಾಮ್ರ, ಒಣಮೀನು ಒಯ್ಯುತ್ತಿದ್ದವು. ಪ್ರತಿ ಹಡಗಿನಲ್ಲೂ ಕಡಲು ಕಾಯುವ ಮಾಜು ತಾಯಿಯ ಪುಟ್ಟ ಮೂರ್ತಿ. ಲಂಗರು ಹಾಕಿದೊಡನೆ ಜಾಗಟೆ ಬಾರಿಸುತ್ತಾ ಆಕೆಯನ್ನು ಗುಡಿಗೆ ಹೊತ್ತೊಯ್ಯುವುದು, ಹೊರಡುವ ದಿನ ಹಾಗೆಯೇ ಇಳಿಸಿ ತರುವುದು ಪದ್ಧತಿ. ಹೊರಟ ತಾಯಿ ಹಿಂದೆ ಸರಿಯಬಾರದು, ನೆಲಕ್ಕಿಳಿಯಲೂ ಬಾರದು. ಒಂದು ಬೆಳಿಗ್ಗೆ ಹಡಗಿನ ನಾಯಕ ಚೆನ್ ಗುವಾಂಗ್‌ಫು ತನ್ನ ಹಡಗಿನ ಮಾಜು ತಾಯಿಯನ್ನು ಹೊತ್ತು ಇಳಿಯುತ್ತಿದ್ದ. ಅವನ ಊರಲ್ಲಿ ಮಗಳ ಮದುವೆ. ಆ ದಿನದ ಕಡಲಿನ ಇಳಿತದಲ್ಲಿ ಹೊರಡದಿದ್ದರೆ ಗಾಳಿ ತಿರುಗಿ, ಮುಂದಿನ ಚಳಿಗಾಲದವರೆಗೆ ಇಲ್ಲೇ ಗತಿ. ಅಷ್ಟರಲ್ಲಿ, ಬಿರುಗಾಳಿಗೆ ಸಿಕ್ಕಿ ತಡವಾಗಿ ಬಂದ ಇನ್ನೊಂದು ಹಡಗಿನ ನಾಯಕ ಲಿನ್ ಶೌಯಿ ತನ್ನ ತಾಯಿಯನ್ನು ಹೊತ್ತು ಎದುರಿಗೆ ಹತ್ತಿ ಬಂದ. ರೇಷ್ಮೆ ವ್ಯಾಪಾರದಲ್ಲಿ ಇಬ್ಬರೂ ಮೊದಲೇ ಹಾವು ಮುಂಗುಸಿ. ಮೆಟ್ಟಿಲೋ ಇಕ್ಕಟ್ಟು, ಒಂದು ಮೆರವಣಿಗೆ ಹಿಂದೆ ಸರಿಯದೆ ಇನ್ನೊಂದು ಮುಂದೆ ಹೋಗುವಂತಿರಲಿಲ್ಲ. ಇಬ್ಬರೂ ಕಂಬದ ಹಾಗೆ ನಿಂತುಬಿಟ್ಟರು. ಕೆಳಗೆ ನೀರು ಇಳಿಯತೊಡಗಿತು. ಚೆನ್‌ನ ಕಣ್ಣು ತುಂಬಿ ಬಂದರೂ ಕಾಲು ಕದಲಲಿಲ್ಲ.

ಮೆಟ್ಟಿಲ ಪಕ್ಕದಲ್ಲಿ ಚಹಾ ಮಾರುತ್ತಿದ್ದ ಓತ್ಸುನೆ ಎಂಬ ಮುದುಕಿಗೆ ನಾವಿಕರ ಭಾಷೆ ಚೆನ್ನಾಗಿ ಬರುತ್ತಿತ್ತು.

“ಹಿಂದೆ ಸರೀಬಾರದು ಅಂತಿರೋದು ತಾಯಿಗೆ ತಾನೇ? ನಿಮ್ಮ ಕಾಲಿಗೇನು ಧಾಡಿ?” ಎಂದು ಗದರಿದಳು. “ಅವರ ತಾಯೀನ ನೀವು ಹೊರಿ, ನಿಮ್ಮವಳನ್ನ ಅವರು ಹೊರಲಿ. ಇಬ್ಬರೂ ಬಂದ ದಾರೀಲೇ ತಿರುಗಿ!”

ಜಾಗಟೆಗಳು ಒಮ್ಮೆಲೇ ಮೊಳಗಿದವು. ಚೆನ್‌ನ ತಾಯಿ ಲಿನ್‌ನ ಹೆಗಲೇರಿ ಕೆಳಗಿಳಿದಳು, ಲಿನ್‌ನ ತಾಯಿ ಚೆನ್‌ನ ಹೆಗಲೇರಿ ಗುಡಿ ಸೇರಿದಳು. ಆಮೇಲೆ ಚೆನ್ ಬಿದ್ದಂಬೀಳ ಓಡಿ ಬಂದಾಗ ತಾಯಿ ಹಡಗಿನ ಪೀಠದಲ್ಲಿ ಕೂತಾಗಿತ್ತು. ಲಿನ್ ಸ್ವತಃ ಹಡಗಿನ ಹಗ್ಗ ಹಿಡಿದು ಕಾಯುತ್ತಿದ್ದ. ಚೆನ್ ಹತ್ತಿದೊಡನೆ ಮದುಮಗಳಿಗೆಂದು ಕೆಂಪು ರೇಷ್ಮೆಯ ಒಂದು ಸುರುಳಿಯನ್ನು ಅವನ ತೋಳಿಗೆ ತುರುಕಿ, ಹಗ್ಗ ಬಿಟ್ಟನಂತೆ. ಮದುವೆಯ ಹೊತ್ತಿಗೆ ಚೆನ್ ಮನೆಯಲ್ಲಿದ್ದ ಎನ್ನುತ್ತಾರೆ.

ಆ ಮೆಟ್ಟಿಲಿನಲ್ಲಿ ಎದುರುಬದುರಾದವರು ಇಂದಿಗೂ ಹೊರೆ ಬದಲಿಸಿಕೊಂಡು ಬಂದ ದಾರಿಗೇ ತಿರುಗುವುದನ್ನು ಯಾತ್ರಿಕರು ನೋಡಬಹುದು. ಮೊನ್ನೆ ಮನೆಗೆ ಹೊರಟಿದ್ದ ನನಗೆ ಮೀನು ಮಾರುವವಳು ಅಲ್ಲಿ ಎದುರಾದಳು; ಅವಳ ಬುಟ್ಟಿ ಹೊತ್ತು ಮತ್ತೆ ಗುಡಿ ತಲುಪಿದೆ. ಮೊಣಕಾಲು ನೋಯುತ್ತಿತ್ತು, ನಗು ಮಾತ್ರ ನಿಲ್ಲಲಿಲ್ಲ. ಇಳಿದು ಬಂದಾಗ ನನ್ನ ಚೀಲ ಹಿಡಿದು ಅವಳು ದಡದಲ್ಲಿ ಕಾಯುತ್ತಿದ್ದಳು.