ಸುಣ್ಣದ ದೇವೀರಮ್ಮ ಮತ್ತು ಬಿಸಿಯಾದ ಕುಡಿಕೆ

ಹತ್ತಿರ ಬನ್ನಿ ಮಕ್ಕಳೇ, ಒತ್ತಾಗಿ ಕೂತ್ಕೊಳ್ಳಿ. ಕಲ್ಲುಗುಡ್ಡಗಳ ಸೀಮೆಯ ಒಂದು ರಾಜ್ಯದಲ್ಲಿ ದೇವೀರಮ್ಮ ಅಂತ ಸುಣ್ಣ ಸುಡೋ ಹೆಂಗಸು ಇದ್ದಳು. ಸುಣ್ಣದ ಗೂಡಿನ ಹೊಗೆಗೆ ಅವಳ ಕಣ್ಣು ಮಂಜಾಗಿತ್ತು. ಕೈ ಮಾತ್ರ ಚುರುಕು. ಮುಟ್ಟಿದರೆ ಸಾಕು, ಕಲ್ಲು ಬೆಂದಿದೆಯೋ ಇಲ್ಲವೋ ಹೇಳಿಬಿಡೋಳು.

ಅವಳಿಗೆ ಒಬ್ಬಳೇ ತಂಗಿ, ಸಾಕವ್ವ. ತಾಯಿ ಇಲ್ಲದ ಕೂಸನ್ನ ದೇವೀರಮ್ಮನೇ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ್ದಳು. ಈಗ ಸಾಕವ್ವ ಅರಮನೆಯಲ್ಲಿ ದಾದಿ. ಪುಟ್ಟ ರಾಜಕುಮಾರಿಗೆ ಅವಳ ಮಡಿಲೇ ತೊಟ್ಟಿಲು.

ಒಂದು ದಿನ ರಾಜಕುಮಾರಿಯ ಬಂಗಾರದ ಕಾಲ್ಗೆಜ್ಜೆ ಕಳೆದುಹೋಯಿತು. ಆ ದಿನ ಅವಳ ಕೋಣೆಗೆ ಬಂದಿದ್ದವರು ಮೂರು ಜನ: ಅಡುಗೆಯವನು, ಹೂವಿನವಳು, ಸಾಕವ್ವ. ಭಂಡಾರದ ಕೀಲಿ, ಅರಮನೆ ಕೋಣೆಗಳ ಕೀಲಿ ಎಲ್ಲಾ ಹಿಡಿದಿದ್ದ ಭಂಡಾರಿ ನಂಜರಸಯ್ಯ ರಾಜನ ಮುಂದೆ ಬಂದ.

"ಪ್ರಭು, ನನ್ನ ಹತ್ತಿರ ಸತ್ಯದ ಪುಡಿ ಇದೆ. ಎರಡು ಚೀಲ ತುಂಬಾ ಇದೆ, ಎರಡರಲ್ಲೂ ಒಂದೇ ಪುಡಿ. ಕುಡಿಕೆಗೆ ಪುಡಿ ಹಾಕಿ ನೀರು ಹಾಕಿದಾಗ ಅದು ತಣ್ಣಗಾದರೆ ಹಿಡಿದವರು ನಿರಪರಾಧಿ. ಬಿಸಿಯಾದರೆ ಕಳ್ಳರು."

ಮಾರನೆಯ ದಿನ ಸಭೆ ಸೇರಿತು. ಗೋಡೆಗೆ ಬಳಿಯೋ ಸುಣ್ಣ ತಂದಿದ್ದ ದೇವೀರಮ್ಮನೂ ಕಂಬದ ಹತ್ತಿರ ನಿಂತಳು. ತಂಗಿಯ ಹೆಸರು ಕೇಳಿ ಇನ್ನೆರಡು ಹೆಜ್ಜೆ ಹತ್ತಿರ ಬಂದು ಕಿವಿಗೊಟ್ಟಳು.

ಅಡುಗೆಯವನು ಕುಡಿಕೆ ಹಿಡಿದ. ನಂಜರಸಯ್ಯನ ಕೈಯಿಂದ ಪುಡಿ ಬಿತ್ತು, ನೀರು ಬಿತ್ತು. ತಣ್ಣಗಾಯಿತು.

ಹೂವಿನವಳು ಹಿಡಿದಳು. ಪುಡಿ ಬಿತ್ತು, ನೀರು ಬಿತ್ತು. ತಣ್ಣಗಾಯಿತು.

ಸಾಕವ್ವ ಹಿಡಿದಳು. ಪುಡಿ ಬಿತ್ತು, ನೀರು ಬಿತ್ತು. ಚುಯ್ ಅಂತ ಸದ್ದಾಯಿತು, ಹಬೆ ಎದ್ದಿತು. "ಅಮ್ಮಾ!" ಅಂತ ಅವಳು ಕುಡಿಕೆ ಬಿಟ್ಟಳು. ಅಂಗೈ ಕೆಂಪಾಯಿತು.

"ಇವಳೇ ಕಳ್ಳಿ! ಊರಿಂದಾಚೆ ಅಟ್ಟಿ!" ಅಂತ ಜನ ಕೂಗಿದರು.

"ಕಳ್ಳಿ ಅನ್ನಬೇಡಿ!" ಅಂತ ರಾಜಕುಮಾರಿ ಅಳುತ್ತಾ ಓಡಿಬಂದು, ದಾದಿಯ ಅಂಗೈಗೆ ಊಫ್ ಊಫ್ ಅಂತ ಊದಿದಳು.

ಆ ಚುಯ್ ಸದ್ದು ದೇವೀರಮ್ಮನಿಗೆ ದಿನಾ ಕೇಳಿ ಕೇಳಿ ಗೊತ್ತಿದ್ದ ಸದ್ದು. ಕೂಗಿ ಹೇಳಬೇಕು ಅನ್ನಿಸಿತು. ಆದರೆ ಸುಣ್ಣದವಳ ಮಾತನ್ನ ಯಾರು ನಂಬುತ್ತಾರೆ? ಅವಳು ಮೆಲ್ಲಗೆ ಮುಂದೆ ಬಂದು ಕೈಮುಗಿದಳು.

"ಬುದ್ಧೀ, ಆ ಕೋಣೆಯ ಕೀಲಿ ಭಂಡಾರಿಗಳ ಹತ್ತಿರಾನೂ ಇತ್ತಲ್ಲ. ಅವರೂ ಒಂದು ಕುಡಿಕೆ ಹಿಡೀಲಿ."

"ಆಗಲಿ," ಅಂದ ರಾಜ.

ನಂಜರಸಯ್ಯ ನಗುನಗುತ್ತಾ ಕುಡಿಕೆ ಹಿಡಿದ. ದೇವೀರಮ್ಮ ತಡವಿಕೊಂಡು ಹೋಗಿ ಎರಡು ಚೀಲಕ್ಕೂ ಕೈ ಹಾಕಿ ನೋಡಿದಳು. ಒಂದು ಚೀಲದಿಂದ ಒಂದು ಹಿಡಿ ಪುಡಿ ತೆಗೆದು ಕುಡಿಕೆಗೆ ಸುರಿದಳು. ನೀರಿನ ಚೊಂಬು ಎತ್ತಿದಳು.

"ಏ, ಅದಲ್ಲ! ಆ ಕಡೆ ಚೀಲದ್ದು ಹಾಕು!" ಅಂತ ನಂಜರಸಯ್ಯ ಕುಡಿಕೆಯನ್ನ ಕೆಳಗಿಟ್ಟು ಹಿಂದೆ ಸರಿದ.

ರಾಜನ ಹುಬ್ಬು ಗಂಟಾಯಿತು. "ಎರಡೂ ಒಂದೇ ಪುಡಿ ಅಂದೆಯಲ್ಲಯ್ಯ. ಇನ್ನೂ ನೀರೇ ಬಿದ್ದಿಲ್ಲ. ಇದು ಬಿಸಿಯಾಗುತ್ತೆ ಅಂತ ನಿನಗೆ ಹೇಗೆ ಗೊತ್ತು?"

ನಂಜರಸಯ್ಯ ಬಾಗಿಲ ಕಡೆ ಕಣ್ಣು ಹಾಯಿಸಿದ.

ಆಗ ದೇವೀರಮ್ಮ ಹೇಳಿದಳು: "ಬುದ್ಧೀ, ಇದು ನಮ್ಮ ಸುಟ್ಟ ಸುಣ್ಣ. ಗೂಡಿನಲ್ಲಿ ಕಲ್ಲು ಹಗಲೂ ರಾತ್ರಿ ಬೆಂಕಿಯ ಕಾವು ಹೀರಿಕೊಂಡೇ ಸುಣ್ಣವಾಗೋದು. ನೀರು ಸೋಕಿದಾಗ ಅದು ಕಾವನ್ನ ಹೊರಗೆ ಬಿಡುತ್ತೆ, ಕುಡಿಕೆ ಸುಡುತ್ತೆ. ಆ ಚೀಲದ್ದು ಪೆಟ್ಲುಪ್ಪು, ಬಾಣಬಿರುಸಿನ ಮದ್ದಿಗೆ ಹಾಕೋ ಉಪ್ಪು. ಅದರ ಸ್ವಭಾವ ಬೇರೆ. ನೀರಿನಲ್ಲಿ ಕರಗುವಾಗ ಸುತ್ತಲಿನ ಕಾವನ್ನ ಎಳೆದುಕೊಳ್ಳುತ್ತೆ. ಅದಕ್ಕೇ ತಣ್ಣಗೆ. ಒಂದು ಕಾವು ಕೊಡುತ್ತೆ, ಒಂದು ಕಾವು ತಗೊಳ್ಳುತ್ತೆ. ಹಿಡಿದವರು ಕಳ್ಳರೋ ಸಾಚಾನೋ, ಆ ಪುಡಿಗೇನು ಗೊತ್ತು?"

ರಾಜ ಎರಡು ಹೊಸ ಕುಡಿಕೆ ತರಿಸಿ, ಒಂದೊಂದಕ್ಕೂ ಒಂದೊಂದು ಚೀಲದ ಪುಡಿ ಹಾಕಿಸಿ, ನೀರು ಹಾಕಿಸಿ ತಾನೇ ಮುಟ್ಟಿ ನೋಡಿದ. ಒಂದಕ್ಕೆ ಬೆರಳು ಚುರುಗುಟ್ಟಿತು. ಇನ್ನೊಂದಕ್ಕೆ ತಣ್ಣಗೆ ಜುಮ್ಮೆಂದಿತು. ದೇವೀರಮ್ಮ ಹೇಳಿದಂಗೇ ಇತ್ತು.

ಭಂಡಾರಿಯ ಮನೆ ಶೋಧಿಸಿದಾಗ ಅಕ್ಕಿ ತುಂಬಿಡೋ ಮಣ್ಣಿನ ವಾಡೆಯೊಳಗೆ ಕಾಲ್ಗೆಜ್ಜೆ ಸಿಕ್ಕಿತು. ಅವನ ಕೀಲಿಗೊಂಚಲು ಕಿತ್ತುಕೊಂಡು ರಾಜ್ಯದಿಂದಲೇ ಅಟ್ಟಿದರು.

ರಾಜ ಸಿಂಹಾಸನದಿಂದ ಇಳಿದು ಸಾಕವ್ವನ ಹತ್ತಿರ ಬಂದ. "ತಾಯಿ, ಕಾರಣ ಕೇಳದೆ ನೋಯಿಸಿದೆ. ತಪ್ಪಾಯಿತು," ಅಂದ. ಸಾಕವ್ವ ಅಕ್ಕನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ದೇವೀರಮ್ಮ ಅವಳ ತಲೆ ಸವರುತ್ತಾ, "ಅಳಬೇಡ ಕೂಸೇ, ನಾನಿದ್ದೀನಲ್ಲ," ಅಂದಳು.

ತಿಳೀತಾ ಮಕ್ಕಳೇ? ಬಿಸಿಯಾಗೋದು, ತಣ್ಣಗಾಗೋದು ವಸ್ತುವಿನ ಗುಣ. ಅದರಲ್ಲಿ ಮನುಷ್ಯರ ತಪ್ಪು ಹುಡುಕಬಾರದು. ಕಂಡದ್ದರ ಕಾರಣ ಏನು ಅಂತ ಕೇಳಿ ತಿಳಿದುಕೊಳ್ಳೋ ತನಕ ಯಾರನ್ನೂ ಕಳ್ಳರು ಅನ್ನಬಾರದು.