ದೊರೆಯ ಕಣ್ಣುಪಟ್ಟಿ, ಜುಂಜಕ್ಕನ ಟಗರು

ಮರಡಿದುರ್ಗದ ಮಲ್ಲರಸ ನಾಯಕನಿಗೆ ಒಂದು ದಿನ ಇದ್ದಕ್ಕಿದ್ದಂತೆ ನ್ಯಾಯದ ಹುಚ್ಚು ಹಿಡಿಯಿತು. ದೊರೆಗಳಿಗೆ ಹಿಡಿಯುವ ಹುಚ್ಚುಗಳಲ್ಲಿ ಇದು ಒಳ್ಳೆಯದೇ ಅನ್ನಬೇಕು. ಇವನ ತಂದೆಗೆ ಯುದ್ಧದ ಹುಚ್ಚಿತ್ತು.

"ಮುಖ ನೋಡಿ ನ್ಯಾಯ ಹೇಳುವವನು ನಾನಲ್ಲ. ಇವತ್ತಿನಿಂದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ತೀರ್ಪು ಕೊಡುತ್ತೇನೆ. ಬಡವ ಬಲ್ಲಿದ ಎಲ್ಲ ನನಗೆ ಒಂದೇ," ಎಂದು ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ.

ದನಿಯಿಂದಲೂ ಗುರುತು ಸಿಗಬಾರದಲ್ಲ, ಅದಕ್ಕೇ ವ್ಯಾಜ್ಯಕ್ಕೆ ಬಂದವರು ತುಟಿ ಬಿಚ್ಚಬಾರದೆಂದು ಕಟ್ಟಳೆಯಾಯಿತು. ಎಡಗಡೆಯವರು ಹೀಗೆನ್ನುತ್ತಾರೆ, ಬಲಗಡೆಯವರು ಹಾಗೆನ್ನುತ್ತಾರೆ ಎಂದು ಇಬ್ಬರ ಪರವಾಗಿಯೂ ಶಾನುಭೋಗರೇ ಒಂದೇ ರಾಗದಲ್ಲಿ ಒದರುವುದು. ಇಂಥ ನ್ಯಾಯ ಎಲ್ಲೂ ಇಲ್ಲ ಎಂದು ಸಭೆ ಹೊಗಳಿತು. ಸಭೆಗೆ ಅದೇ ಕೆಲಸ.

ಆದರೆ ಒಂದು ವಿಚಿತ್ರ. ದೊರೆ ಕಣ್ಣು ಕಟ್ಟಿಕೊಂಡ ಮೇಲೂ ಗೆಲ್ಲುವವರು ಸಾಹುಕಾರರೇ, ಸೋಲುವವರು ಬಡವರೇ. ಸತ್ಯವೆಲ್ಲ ಹಣವಂತರ ಕಡೆಗೇ ಹೋಗಿ ಸೇರಿಕೊಂಡಿದೆಯೇನೋ ಎಂದು ಜನ ಸುಮ್ಮನಾದರು.

ಗುಟ್ಟು ಗೊತ್ತಿದ್ದವನು ಕೆಂಚಣ್ಣನೊಬ್ಬನೇ. ಅವನು ದೊರೆಗೆ ಎಲೆಯಡಿಕೆ ಮಡಿಸಿ ಕೊಡುವವನು. ಕಣ್ಣಿಗೆ ಬಟ್ಟೆ ಕಟ್ಟುವವನೂ ಅವನೇ. ದೊರೆಯ ಹೆಗಲ ಪಕ್ಕದಲ್ಲೇ ನಿಂತಿರುತ್ತಿದ್ದ. ಶಾನುಭೋಗರು ಒದರುತ್ತಿದ್ದಾಗ ದೊರೆಯ ಮೂಗು ಅರಳುತ್ತಿತ್ತು. ಅತ್ತರು ಬಂದ ಕಡೆಗೆ ತಲೆ ತಾನೇ ವಾಲುತ್ತಿತ್ತು, ಬೆವರು ಬಂದ ಕಡೆಯಿಂದ ದೂರ ಸರಿಯುತ್ತಿತ್ತು. ಪಾಪ, ಇದು ದೊರೆಗೇ ಗೊತ್ತಿರಲಿಲ್ಲ.

ಹೀಗಿರುವಾಗ ಕುರಿ ಕಾಯುವ ಜುಂಜಕ್ಕ ಕೆಂಚಣ್ಣನ ಮನೆ ಬಾಗಿಲಿಗೆ ಬಂದು ಗೋಳೋ ಎಂದು ಅತ್ತಳು. ಅವಳ ಹಿಂಡಿಗಿದ್ದ ಒಂದೇ ಒಂದು ಟಗರನ್ನು ಸಿಂಗಪ್ಪ ಹಿಡಿದು ಕಟ್ಟಿಕೊಂಡಿದ್ದ. ಸಿಂಗಪ್ಪ ಅಂದರೆ ರಾಣಿಯ ತಮ್ಮ. ನೀರಿಗಿಂತ ಅತ್ತರಿನಲ್ಲೇ ಹೆಚ್ಚು ಸ್ನಾನ ಮಾಡುವ ಆಸಾಮಿ. ಟಗರಿನ ಕಾಳಗದಲ್ಲಿ ಮೆರೆಯುವ ಆಸೆ ಅವನಿಗೆ. ಆ ಟಗರು ಹೋದರೆ ಮುಂದಿನ ವರ್ಷ ಮರಿಗಳಿಲ್ಲ, ಮರಿಗಳಿಲ್ಲದಿದ್ದರೆ ಜುಂಜಕ್ಕನ ಬದುಕೇ ಇಲ್ಲ. ನಾಳೆಯೇ ವಿಚಾರಣೆ. ಕೆಂಚಣ್ಣ ರಾತ್ರಿಯೆಲ್ಲ ಕೂತು ಒಂದು ಉಪಾಯ ಹುಡುಕಿದ.

ಮಾರನೆಯ ದಿನ ಕೆಂಚಣ್ಣನ ಹೆಂಡತಿ ಜುಂಜಕ್ಕನಿಗೆ ಸೀಗೆಕಾಯಿ ಹಾಕಿ ಎರೆದು, ತನ್ನ ಮದುವೆಯ ಸೀರೆ ಉಡಿಸಿದಳು. ದೊರೆ ಪೂಸಿಕೊಳ್ಳುವ ಪುನುಗನ್ನೇ ಕೆಂಚಣ್ಣ ತಂದುಕೊಟ್ಟ.

"ಇದೇನಣ್ಣ ಇದು, ನನ್ ಮೈಯಿ ನಂಗೇ ಗುರ್ತು ಸಿಕ್ತಿಲ್ಲ," ಎಂದಳು ಜುಂಜಕ್ಕ, ಮೂಗು ಮುಚ್ಚಿಕೊಂಡು.

ಆಮೇಲೆ ಕೆಂಚಣ್ಣ ಸಿಂಗಪ್ಪನ ಬಳಿ ಹೋಗಿ ಚೆನ್ನಾಗಿ ಬೆಣ್ಣೆ ಹಚ್ಚಿದ. ಟಗರನ್ನು ಆಳಿನ ಕೈಗೆ ಕೊಡಬೇಡಿ, ನೀವೇ ಕುತ್ತಿಗೆ ತಬ್ಬಿ ನಿಂತರೆ ಒಡೆಯನೆಂದರೆ ಇವನೇ ಎಂದು ಸಭೆ ಒಪ್ಪುತ್ತದೆ ಎಂದ. ಸಿಂಗಪ್ಪ ಉಬ್ಬಿಹೋಗಿ ಟಗರನ್ನು ತಬ್ಬಿದ. ಟಗರು ಒಪ್ಪಬೇಕಲ್ಲ? ಅದು ಕೊಸರಾಡಿ, ಅವನ ರೇಷ್ಮೆ ಅಂಗಿಗೆ ಮೈ ಉಜ್ಜಿ, ಕೊನೆಗೆ ಪಂಚೆಯನ್ನೂ ತೋಯಿಸಿತು. ಅಷ್ಟರಲ್ಲಿ ಸಭೆಯ ನಗಾರಿ ಬಾರಿಸಿದ್ದರಿಂದ ಬಟ್ಟೆ ಬದಲಾಯಿಸಲೂ ಹೊತ್ತಿರಲಿಲ್ಲ.

ಕಣ್ಣಿಗೆ ಬಟ್ಟೆ ಬಿತ್ತು. ಟಗರು ನಮ್ಮದೆನ್ನುತ್ತಾರೆ ಎಡಗಡೆಯವರು, ನಮ್ಮದೆನ್ನುತ್ತಾರೆ ಬಲಗಡೆಯವರು ಎಂದು ಶಾನುಭೋಗರು ಒದರಿದರು. ದೊರೆಯ ಮೂಗು ಎಡಕ್ಕೆ ಹೋಗಿ ಮುದುಡಿತು, ಬಲಕ್ಕೆ ಬಂದು ಅರಳಿತು.

"ಬಲಗಡೆಯವರ ಮಾತಿನಲ್ಲಿ ಸತ್ಯ ಎದ್ದು ಕಾಣುತ್ತದೆ. ಟಗರು ಅವರದೇ. ಎಡಗಡೆಯವನು ಕಳ್ಳ," ಎಂದು ತೀರ್ಪು ಕೊಟ್ಟು ದೊರೆ ಕಣ್ಣುಪಟ್ಟಿ ಬಿಚ್ಚಿದ.

ಎಡಗಡೆ ಭಾವಮೈದುನ. ಬಲಗಡೆ ಕುರಿ ಕಾಯುವ ಹೆಂಗಸು. ದೊರೆ ತಡವರಿಸುತ್ತ, ಇದನ್ನು ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು ಎಂದ.

"ಯಾಕೆ ದೊರೆ? ಕಣ್ಣಿಗೆ ನಾನೇ ಬಿಗಿಯಾಗಿ ಕಟ್ಟಿದ್ದೆ," ಎಂದ ಕೆಂಚಣ್ಣ. "ಮೂಗಿಗೆ ಮಾತ್ರ ಕಟ್ಟಿರಲಿಲ್ಲ."

ಇಷ್ಟು ದಿನ ಕಂಡದ್ದನ್ನೂ ಇವತ್ತು ತಾನು ಮಾಡಿದ್ದನ್ನೂ ಒಂದೂ ಬಿಡದೆ ಹೇಳಿದ. ದೊರೆಯ ಮುಖ ಕೆಂಪಾಯಿತು, ಆದರೆ ಅವನೂ ದಡ್ಡನಲ್ಲ.

"ಹಾಗಾದರೆ ಇವತ್ತಿನ ತೀರ್ಪೂ ನಿನ್ನ ಪುನುಗಿನದೇ ಆಯಿತಲ್ಲ ಕೆಂಚಣ್ಣ. ಟಗರು ಇವಳದೆಂದು ಹೇಗೆ ನಂಬಲಿ?"

"ಟಗರನ್ನೇ ಬಿಟ್ಟು ನೋಡಿ."

ಬಿಟ್ಟರು. ಟಗರು ಸಿಂಗಪ್ಪನಿಂದ ಬಿಡಿಸಿಕೊಂಡು ನೆಟ್ಟಗೆ ಜುಂಜಕ್ಕನ ಹತ್ತಿರ ಬಂತು. ಮೂಸಿತು. ಪುನುಗಿನ ಘಾಟಿಗೆ ಸೀನಿ, ಮುಖ ತಿರುಗಿಸಿ ಹೊರಟೇಬಿಟ್ಟಿತು.

ಸಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಂಚಣ್ಣ ಬೆವತುಹೋದ. ತಾನು ಹೂಡಿದ ಆಟ ತನಗೇ ತಿರುಗುತ್ತದೆಂದು ಅವನು ಎಣಿಸಿರಲಿಲ್ಲ. ಟಗರು ಹೆಬ್ಬಾಗಿಲು ದಾಟುವುದರಲ್ಲಿತ್ತು. ಜುಂಜಕ್ಕನಿಗೆ ಕಟ್ಟಳೆ ಎಲ್ಲ ಮರೆತುಹೋಯಿತು.

"ಹುರ್ರಾ... ಎಲ್ಲಿಗ್ ಓಯ್ತೀಯೋ ನನ್ ಮಗನೆ, ಬಾರೋ," ಎಂದು ಕೂಗಿದಳು.

ಟಗರು ಗಕ್ಕನೆ ನಿಂತಿತು, ಕಿವಿ ನೆಟ್ಟಗೆ ಮಾಡಿತು. ತಿರುಗಿ ಓಡಿ ಬಂದು ಅವಳು ಉಟ್ಟಿದ್ದ ಆ ಮದುವೆ ಸೀರೆಯ ಮಡಿಲಿಗೆ ತಲೆ ತುರುಕಿತು. ಅವಳು ಅದರ ಕೊಂಬು ಹಿಡಿದುಕೊಂಡು ಅತ್ತಳು.

ಈಕೆ ಸಭೆಯಲ್ಲಿ ಬಾಯಿ ಬಿಟ್ಟಳು, ಕಟ್ಟಳೆ ಮುರಿದಳು ಎಂದು ಶಾನುಭೋಗರು ಗೊಣಗಿದರು. ಆದರೆ ದೊರೆ ನೋಡುತ್ತಿದ್ದದ್ದು ಕೆಂಚಣ್ಣನನ್ನು.

"ನಿನ್ನ ಸಾಕ್ಷಿಯೂ ಮೊದಲು ಮೂಗನ್ನೇ ನಂಬಿತಲ್ಲೋ," ಎಂದ.

"ಹೌದು ದೊರೆ, ಮೂಗು ನಿಮ್ಮಿಬ್ಬರಿಗೂ ಮೋಸ ಮಾಡಿತು," ಎಂದು ಕೆಂಚಣ್ಣ ಕೈಮುಗಿದ. "ಆದರೆ ಟಗರು ಅವಳ ಬಾಯಿ ಮುಚ್ಚಿಸಿರಲಿಲ್ಲ."

ದೊರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನ್ಯಾಯಪೀಠದಿಂದ ತಾನೇ ಇಳಿದುಬಂದು ಆ ಕಣ್ಣುಪಟ್ಟಿಯನ್ನು ಟಗರಿನ ಕೊಂಬಿಗೆ ಕಟ್ಟಿದ. ಕೆಂಚಣ್ಣನ ಹೆಂಡತಿಗೆ ಹೊಸ ಸೀರೆ ಕೊಡಿಸಿದ. ಆಮೇಲೆ, ಈವರೆಗೆ ಸೋತವರೆಲ್ಲ ನಾಳೆ ಬಂದು ಅವರವರ ಮಾತನ್ನು ಅವರೇ ಹೇಳಲಿ ಎಂದು ಊರಲ್ಲಿ ಡಂಗುರ ಹೊಡೆಸಿದ.