ಮುಳ್ಳು ಚುಚ್ಚಿದರೂ ಕುರಿ ಯಾಕೆ ಕೂಗುವುದಿಲ್ಲ

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಕುರಿಯಷ್ಟು ಬಾಯಿಬಡುಕಿ ಇನ್ನೊಂದಿರಲಿಲ್ಲ ಕಣ್ರಪ್ಪಾ! ಇರುವೆ ಕಚ್ಚಿದರೂ ಊರು ಒಂದಾಗುವ ಹಾಗೆ ಅರಚುತ್ತಿತ್ತು.

ಕೆಂಚಿ ಎಂಬ ಕುರಿಯಂತೂ ಎಲ್ಲರನ್ನೂ ಮೀರಿಸಿದವಳು. ಒಂದು ದಿನ ಅವಳ ಗೊರಸಿನ ಸಂದಿಗೇ ಜಾಲಿಮುಳ್ಳು ನಾಟಿತು! ಅವಳು ಬಾಯಿ ತೆರೆಯುವಷ್ಟರಲ್ಲಿ ಗಾಳಿ ಓಡಿಬಂದು ಕಿವಿಯಲ್ಲಿ ಊದಿತು: "ಕೂಗಬೇಡವೇ! ಬಂಡೆ ಹಿಂದೆ ತೋಳ ಕೂತಿದ್ದಾನೆ. ನೋವಿದ್ದವರನ್ನೇ ಹುಡುಕ್ತಿದ್ದಾನೆ."

ಪಕ್ಕದಲ್ಲಿ ಹಾಲು ಕುಡಿಯುವ ಮರಿ. ಕೆಂಚಿ ಕೂಗನ್ನು ಗಟಕ್ಕನೆ ನುಂಗಿದಳು.

ತೋಳ ಬಂದ. "ಯಾರಿಗಮ್ಮಾ ನೋವು? ಹೇಳಿ, ನೆಕ್ಕಿ ವಾಸಿ ಮಾಡ್ತೀನಿ." ಆಹಾ, ಬೆಣ್ಣೆಯಂಥ ಮಾತು! ಕೆಂಚಿ ನಾಲ್ಕು ಕಾಲೂ ಊರಿ ಹುಲ್ಲು ಮೇಯ್ದಳು. ತೋಳ ಮೂಸಿ ನೋಡಿ, ಹಲ್ಲು ಕಡಿದು ಹೋದ.

ಮರಿ ಉಳಿಯಿತು. ಆದರೆ ನುಂಗಿದ ಕೂಗು ಮತ್ತೆ ಮೇಲೆ ಬರಬೇಕಲ್ಲ? ಬರಲೇ ಇಲ್ಲ!

ಗಿಡ್ಡಿ ಎಂಬ ಆಡಿಗೆ ಅಷ್ಟೇ ಸಾಕಾಯಿತು. ಪೊದೆಪೊದೆಗೂ ಹೋಗಿ ಸುದ್ದಿ ಹಬ್ಬಿಸಿದಳು. "ಗೊತ್ತಾಯ್ತೇನ್ರೇ? ಕೆಂಚಿಗೆ ಮುಳ್ಳು ಚುಚ್ಚಿದೆಯಂತೆ, ನೋವೇ ಇಲ್ವಂತೆ! ಮೈಯೊಳಗೂ ಬರೀ ಉಣ್ಣೆಯೇ ಇರ್ಬೇಕು!"

"ನಿನಗೆ ಹೇಗೆ ಗೊತ್ತು?" ಎಂದಿತು ಹಳ್ಳ.

"ನೋವಿದ್ರೆ ಕೂಗ್ತಿರಲಿಲ್ವಾ? ನನ್ನ ನೋಡು!" ಗಿಡ್ಡಿಗೆ ಏನೂ ಆಗಿರಲಿಲ್ಲ, ಆದರೂ ಗುಡ್ಡ ಬಿರಿಯುವ ಹಾಗೆ ಕೂಗಿ ತೋರಿಸಿದಳು.

ಕುರಿ ಕಾಯುವ ಮಾಳವ್ವ ಆ ಮಾತು ನಂಬಿಬಿಟ್ಟಳು. ಮೂರು ದಿನ ಕೆಂಚಿಯನ್ನು ಗುಡ್ಡ ಹತ್ತಿಸಿದಳು, ಇಳಿಸಿದಳು. ನಾಲ್ಕನೆಯ ದಿನ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ತೊಟ್ಟು ಹಾಲಿಲ್ಲ! ಮಾಳವ್ವ ಗಾಬರಿಯಿಂದ ಕಾಲೆತ್ತಿ ನೋಡುತ್ತಾಳೆ, ಗೊರಸು ಕೀವು ತುಂಬಿ ಕೆಂಡದಂತೆ ಸುಡುತ್ತಿದೆ!

"ಅಯ್ಯೋ ನನ್ನವ್ವಾ, ನೋಯ್ತಿತ್ತೇನೇ? ಹೌದು ಅನ್ನು, ಇಲ್ಲ ಅನ್ನು!"

ಕೆಂಚಿ ಮೆಲುಕು ಹಾಕಿದಳು. ಅಷ್ಟೇ.

ಗಿಡ್ಡಿ ಇಣುಕಿದಳು. "ನೋವೇ ಇಲ್ಲ ಅಂತ ನಾ ಹೇಳ್ಲಿಲ್ವಾ?"

"ಮುಚ್ಚೇ ಬಾಯಿ! ಅವಳೊಳಗೆ ನೀನು ಹೊಕ್ಕು ಬಂದಿದ್ದೀಯಾ? ನಾನು ಬಂದಿದ್ದೀನಾ? ಗೊತ್ತಾಗೋವರೆಗೂ ಕಾದರೆ ಕಾಲೇ ಇರೋದಿಲ್ಲ!" ಮಾಳವ್ವ ಇನ್ನೊಂದು ಮುಳ್ಳು ತಂದು ಆ ಮುಳ್ಳನ್ನು ಕಿತ್ತಳು. ಕೀವು ಹಿಂಡಿ ಅರಿಸಿನ ಮೆತ್ತಿದಳು. ಎರಡು ದಿನಕ್ಕೆ ಮರಿಯ ಮೂತಿಯೆಲ್ಲ ಹಾಲಿನ ನೊರೆ!

ಅದಕ್ಕೇ ಮಕ್ಕಳೇ, ಇವತ್ತಿಗೂ ಆಡು ಮುಟ್ಟಿದರೂ ಕೂಗುತ್ತದೆ, ಕುರಿ ಮುಳ್ಳು ತುಳಿದರೂ ಸುಮ್ಮನೆ ಮೆಲುಕು ಹಾಕುತ್ತದೆ. ಸಂಜೆ ರೊಪ್ಪದ ಬಾಗಿಲಲ್ಲಿ ಕುರಿ ಕಾಯುವವರು ಏನೂ ಕೇಳದೆ ಒಂದೊಂದರ ಕಾಲನ್ನೂ ಎತ್ತಿ, ಹೆಬ್ಬೆರಳಿಂದ ಒತ್ತಿ ನೋಡಿಯೇ ಒಳಗೆ ಬಿಡುತ್ತಾರೆ.